ಸೋಲಿನ ಅಳತೆ

ಕನ್ನಡದ ‘ಸೋಲು’, ಮಲಯಾಳದ ‘ತೋಲ್ವಿ’ ಒಂದೇ ಬೇರಿನ ಮಾತುಗಳು. ನಮ್ಮಲ್ಲಿ ಸೋಲೆಂದರೆ ಪರಾಭವ ಮಾತ್ರವಲ್ಲ, ದಣಿವೂ ಹೌದು. ಕೈ ಸೋತಿತು, ಕಾಲು ಸೋತಿತು ಎನ್ನುತ್ತೇವಷ್ಟೆ. ವ್ಯಾಯಾಮಶಾಲೆಯ ತರುಣರ ಪ್ರಶ್ನೆಗೂ ಈ ಮಾತೇ ಒಪ್ಪುತ್ತದೆ: ಭಾರ ಎತ್ತುವಾಗ ಪ್ರತಿ ಸುತ್ತಿನಲ್ಲೂ ಕೈ ಸೋಲುವ ತನಕ ಎತ್ತಬೇಕೇ, ಇನ್ನೊಂದೆರಡು ಸಲಕ್ಕಾಗುವ ಕಸುವು ಉಳಿಸಿಕೊಂಡು ನಿಲ್ಲಿಸಬೇಕೇ?

ಈ ಸೋಲಿಗೊಂದು ಲೆಕ್ಕ ದೊರೆತದ್ದು ಗರಡಿಯಲ್ಲಲ್ಲ, ಆಸ್ಪತ್ರೆಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಷಿಕಾಗೋದ ಗಾರ್ಡಿನರ್ ಸೈನಿಕ ಆಸ್ಪತ್ರೆಗೆ ಮೊಣಕಾಲು ಕೆಟ್ಟು ತೊಡೆ ಸೊರಗಿದ ಸೈನಿಕರು ಬರುತ್ತಿದ್ದರು. ಹಗುರ ಭಾರವನ್ನು ಹಲವಾರು ಸಲ ಎತ್ತಿಸುವುದು ಆಗಿನ ರೂಢಿ. ಎಳೆಯ ವಯಸ್ಸಿನಿಂದಲೇ ಭಾರ ಎತ್ತಿ ಬಲ್ಲ ವೈದ್ಯ ಥಾಮಸ್ ಡಿಲಾರ್ಮ್ ಅದನ್ನು ಬಿಟ್ಟರು. ಪಾದಕ್ಕೆ ಕಬ್ಬಿಣದ ಜೋಡು ಕಟ್ಟಿಸಿ ಹೆಚ್ಚು ಭಾರ ಹೊರಿಸಿದರು. ಹತ್ತು ಸಲ ಎತ್ತಲಾಗಿ, ಹನ್ನೊಂದನೆಯದು ಆಗದ ಭಾರವೇ ಅವರ ಅಳತೆ. 1945ರ ಲೇಖನದಲ್ಲಿ 7ರಿಂದ 10 ಸುತ್ತು ಹೇಳಿದ್ದವರು, 1948ರಲ್ಲಿ ವಾಟ್ಕಿನ್ಸ್ ಅವರ ಜೊತೆ ಬರೆಯುವಾಗ 3ಕ್ಕೆ ಇಳಿಸಿದರು. ಮೊದಲು ಆ ಭಾರದ ಅರ್ಧ, ಮತ್ತೆ ಮುಕ್ಕಾಲು, ಕೊನೆಗೆ ಪೂರ್ತಿ. ಎಂದರೆ ಸೋಲಿನ ಅಂಚು ಮುಟ್ಟುವುದು ಒಂದೇ ಸುತ್ತು! ಇಡೀ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. 1951ರಲ್ಲಿ ಆಕ್ಸ್‌ಫರ್ಡಿನ ಜಿನೋವಿಯೆಫ್ ಈ ಕ್ರಮವನ್ನೇ ತಿರುಗಿಸಿ, ಪೂರ್ತಿ ಭಾರದಿಂದ ಆರಂಭಿಸಿ ದಣಿವು ಏರಿದಂತೆ ಭಾರ ಇಳಿಸಿದರು. ರೋಗಿ ದಣಿದ ಮೇಲೆ ದೊಡ್ಡ ಭಾರ ಹೊರಿಸಬಾರದೆಂಬುದು ಅವರ ವಾದ.

ಅಳತೆಗೋಲು ವ್ರತವಾದದ್ದು ಆಮೇಲೆ. 1970ರ ಸುಮಾರಿಗೆ ನಾಟಿಲಸ್ ಯಂತ್ರಗಳನ್ನು ಮಾರಲು ಹೊರಟ ಫ್ಲಾರಿಡಾದ ಆರ್ಥರ್ ಜೋನ್ಸ್, ಸುತ್ತು ಕಡಿಮೆಯಿರಲಿ, ಆದರೆ ಸ್ನಾಯು ಸೋಲುವ ತನಕ ಬಿಡಬೇಡಿ ಎಂದು ಸಾರಿದರು. ಯಂತ್ರದಲ್ಲಿ ಕೈ ಸೋತರೆ ಭಾರ ತನ್ನ ಜಾಗಕ್ಕೆ ಇಳಿಯುತ್ತದೆ; ಬಾರ್ಬೆಲ್ ಎದೆಯ ಮೇಲೆ ಕೂರುತ್ತದೆ. ಉಪದೇಶ ಮಾತ್ರ ಎರಡಕ್ಕೂ ಒಂದೇ ಆಗಿ ಹಬ್ಬಿತು.

2006ರಲ್ಲಿ ಇಸ್ಕಿಯೆರ್ದೊ ಮತ್ತು ಸಂಗಡಿಗರು ಸ್ಪೇನಿನ ಬಾಸ್ಕ್ ಆಟಗಾರರನ್ನು 16 ವಾರ ಪರೀಕ್ಷಿಸಿದಾಗ, ಸೋಲುವ ತನಕ ಎತ್ತಿದವರೂ ಮೊದಲೇ ನಿಲ್ಲಿಸಿದವರೂ ಗಳಿಸಿದ ಬಲ ಹೆಚ್ಚುಕಡಿಮೆ ಸಮವಾಗಿತ್ತು. 2024ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರಿಗೂ ಬಲದ ಮಟ್ಟಿಗೆ ಇದೇ ಕಂಡಿತು. ಸ್ನಾಯುವಿನ ಗಾತ್ರ ಮಾತ್ರ ಸೋಲಿನ ಹತ್ತಿರ ಹೋದಷ್ಟೂ ತುಸು ಹೆಚ್ಚು ಬೆಳೆದಿತ್ತು. ಹಾಗಾಗಿ ಕಿರುಭಾರ ಹಿಡಿದು ತೋಳು ಮಡಚುವವನು ಕೊನೆಯ ಸುತ್ತಿನಲ್ಲಿ ಸೋತರೆ ನನ್ನ ತಕರಾರಿಲ್ಲ. ಮಲಗಿ ಬಾರ್ಬೆಲ್ ಎತ್ತುವವನು, ತಲೆಯ ಬಳಿ ಆಸರೆಗೆ ಯಾರೂ ಇಲ್ಲದ ದಿನ, ಎರಡು ಸಲ ಮುಂಚೆಯೇ ಅದನ್ನು ಕೊಕ್ಕೆಗೆ ಇಡಲಿ.