ಪಕ್ಕಕ್ಕೆ ಜಾರಿದ ಬೆಟ್ಟ

ಜ್ವಾಲಾಮುಖಿಯ ಚಿತ್ರ ಬರೆಯಿರಿ ಎಂದರೆ ನಮ್ಮ ಶಾಲೆಯ ಮಕ್ಕಳು ತುದಿಯಿಂದ ಮೇಲಕ್ಕೆ ಚಿಮ್ಮುವ ಬೆಂಕಿಯನ್ನೇ ಬರೆಯುತ್ತಿದ್ದರು. ಆಗ ನಾನು ಅವರಿಗೆ ಸೇಂಟ್ ಹೆಲೆನ್ಸ್ ಪರ್ವತದ ಕಥೆ ಹೇಳುತ್ತಿದ್ದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಈ ಬೆಟ್ಟ 1980ರ ಮಾರ್ಚ್‌ನಲ್ಲಿ ಎಚ್ಚರಗೊಂಡಿತು. ಒಳಗೆ ಏರಿದ ಶಿಲಾರಸ ಉತ್ತರದ ಇಳಿಜಾರನ್ನು ಹೊರಕ್ಕೆ ತಳ್ಳತೊಡಗಿತು. ವಿಜ್ಞಾನಿಗಳು ಅಲ್ಲಿ ಪ್ರತಿಫಲಕಗಳನ್ನು ನೆಟ್ಟು, ದೂರದಿಂದ ಲೇಸರ್ ಕಿರಣ ಬಿಟ್ಟು ಅಳೆದರು. ಉಬ್ಬು ದಿನಕ್ಕೆ ಸುಮಾರು ಒಂದೂವರೆ ಮೀಟರ್ ಬೆಳೆಯುತ್ತಿತ್ತು!

ಕುಸಿಯುವ ಮುನ್ನ ಈ ವೇಗ ಹೆಚ್ಚೀತು, ಆಗ ಜನರನ್ನು ಎಚ್ಚರಿಸಬಹುದು ಎಂಬ ಆಸೆಯಿತ್ತು. ವೇಗ ಹೆಚ್ಚಲೇ ಇಲ್ಲ. ಮೇ 18ರ ಭಾನುವಾರ ಬೆಳಗಿನ ಅಳತೆಯಲ್ಲೂ ಹೊಸದೇನೂ ಕಾಣಲಿಲ್ಲ. 8 ಗಂಟೆ 32 ನಿಮಿಷಕ್ಕೆ 5.1 ಪ್ರಮಾಣದ ಭೂಕಂಪವಾಗಿ ಇಡೀ ಉತ್ತರ ಮಗ್ಗುಲು ಜಾರಿತು. ಮೇಲಿನ ಭಾರ ಸರಿದದ್ದೇ ತಡ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಒಳಗಿನ ಒತ್ತಡ ಪಕ್ಕಕ್ಕೆ ಸಿಡಿಯಿತು. ಸುಮಾರು 10 ಕಿಲೋಮೀಟರ್ ದೂರದಲ್ಲಿ ಅಳತೆ ನೋಡುತ್ತಿದ್ದ ಮೂವತ್ತು ವರ್ಷದ ವಿಜ್ಞಾನಿ ಡೇವಿಡ್ ಜಾನ್‌ಸ್ಟನ್ ಸೇರಿ 57 ಮಂದಿ ತೀರಿಕೊಂಡರು.

ಹಾಗೆಂದು ಅಳತೆ ವ್ಯರ್ಥವಾಯಿತು ಎನ್ನಲಾರೆ. ಬೆಟ್ಟದ ಸುತ್ತ ಜನ ಓಡಾಡದಂತೆ ಮೊದಲೇ ತಡೆದಿದ್ದರಿಂದಲೇ ಸಾವು ಅಷ್ಟಕ್ಕೆ ನಿಂತಿತು. ಈಗ ಅಲ್ಲಿ ಜಿಪಿಎಸ್ ಉಪಕರಣಗಳು ನೆಲದ ಅಲುಗಾಟವನ್ನು ಹಗಲಿರುಳು ದಾಖಲಿಸುತ್ತವೆ. ಅಳೆಯಲೆಂದು ಮನುಷ್ಯನೊಬ್ಬ ಬೆಟ್ಟದೆದುರು ಕಾದು ಕೂರಬೇಕಾಗಿಲ್ಲ.