ಮನ್ರೋ ಸಾಹೇಬ, ಮಂಚಾಲೆ ಮತ್ತು ಪುಟ 213



ಶ್ರಾವಣದಲ್ಲಿ ರಾಯರ ಆರಾಧನೆ ಹತ್ತಿರ ಬಂತೆಂದರೆ ನನ್ನ ಮೊಬೈಲಿಗೆ ಒಂದೇ ಸಂದೇಶ ಏಳೆಂಟು ಕಡೆಯಿಂದ ಬರುತ್ತದೆ. ನಿಮಗೂ ಬಂದಿರುತ್ತದೆ. ಬಳ್ಳಾರಿ ಕಲೆಕ್ಟರ್ ಆಗಿದ್ದ ಸರ್ ಥಾಮಸ್ ಮನ್ರೋ ಮಠದ ಇನಾಮು ಭೂಮಿಯನ್ನು ಸರ್ಕಾರಕ್ಕೆ ವಾಪಸ್ಸು ತೆಗೆದುಕೊಳ್ಳುವ ವಿಚಾರಣೆಗೆ ಮಂಚಾಲೆಗೆ ಬಂದ. ಬೂಟು ಟೋಪಿ ತೆಗೆದು ಬೃಂದಾವನದ ಮುಂದೆ ನಿಂತ. ರಾಯರು ಎದ್ದು ಬಂದು ಅವನ ಜೊತೆ ಮಾತಾಡಿದರು. ಸುತ್ತ ಇದ್ದ ಯಾರಿಗೂ ಅವರು ಕಾಣಲಿಲ್ಲ. ಮನ್ರೋ ಮಂತ್ರಾಕ್ಷತೆ ತೆಗೆದುಕೊಂಡು ಹೋಗಿ ಭೂಮಿ ಮಠಕ್ಕೇ ಇರಲಿ ಎಂದು ಬರೆದ... ಕೊನೆಗೆ ಒಂದು ಸಾಲು: ಇದೆಲ್ಲ ಮದ್ರಾಸ್ ಸರ್ಕಾರದ ಗೆಜೆಟ್ಟಿನಲ್ಲಿ 11ನೇ ಅಧ್ಯಾಯ, 213ನೇ ಪುಟದಲ್ಲಿ ಅಚ್ಚಾಗಿದೆ!

ಒಂದು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಒಂಬತ್ತನೇ ತರಗತಿಯ ಹುಡುಗಿ ಇದನ್ನೇ "ಇಂದಿನ ವಿಶೇಷ" ಅಂತ ಓದಿದಳು. ಚಪ್ಪಾಳೆ ಬಿತ್ತು. ಆಮೇಲೆ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ, "ಸಾರ್, ಆ ಪುಟ ನೀವು ನೋಡೀರೇನು?"

ನೋಡಿರಲಿಲ್ಲ. ಇಪ್ಪತ್ತು ವರ್ಷದಿಂದ ಈ ಕಥೆ ಹೇಳುತ್ತಾ ಬಂದಿದ್ದೇನೆ, ಪುಟ ಮಾತ್ರ ನೋಡಿಲ್ಲ. ಅವತ್ತು ರಾತ್ರಿ ಅಂತರ್ಜಾಲದಲ್ಲಿ ಹುಡುಕಲು ಕುಳಿತೆ.

ಮೊದಲು ಎಡವಿದ್ದು "ಅಧ್ಯಾಯ" ಅನ್ನೋ ಮಾತಿನಲ್ಲಿ. ಗೆಜೆಟ್ ಅಂದರೆ ಸರ್ಕಾರದ ಆದೇಶ, ನೇಮಕ, ಪ್ರಕಟಣೆಗಳು ಬರುವ ರಾಜಪತ್ರ. ಅದಕ್ಕೆಲ್ಲಿಯ ಅಧ್ಯಾಯ? ಅಧ್ಯಾಯ ಇರುವುದು ಗೆಜೆಟಿಯರಿಗೆ, ಅಂದರೆ ಜಿಲ್ಲೆಯ ಚರಿತ್ರೆ, ಮಳೆ ಬೆಳೆ, ಜಾತಿ, ಊರುಗಳನ್ನೆಲ್ಲ ವಿವರಿಸುವ ಪುಸ್ತಕಕ್ಕೆ. ಎರಡು ಪದ ಒಂದೇ ಥರ ಕೇಳಿಸುವುದರಿಂದ ಪುಸ್ತಕದ ಕಥೆ ಸರ್ಕಾರದ ಆದೇಶವಾಗಿಬಿಟ್ಟಿದೆ.

ಸರಿ, ಗೆಜೆಟಿಯರ್ ಹುಡುಕೋಣ ಅಂತ ನಮ್ಮ ಕರ್ನೂಲು ಜಿಲ್ಲೆಯದನ್ನೇ ತೆಗೆದೆ. 1886ರಲ್ಲಿ ಗೋಪಾಲಕೃಷ್ಣಮ ಚೆಟ್ಟಿ ಎಂಬುವರು ಬರೆದ ಕರ್ನೂಲು ಜಿಲ್ಲೆಯ ಕೈಪಿಡಿ ಸ್ಕ್ಯಾನ್ ಆಗಿ ಸಿಗುತ್ತದೆ. ಅದರಲ್ಲಿ ಆದವಾನಿ ತಾಲೂಕು ಇಲ್ಲ! ಆಗ ಹೊಳೆಯಿತು, ನಾನು ಹುಡುಕುವ ಮನೆಯೇ ತಪ್ಪು.

ಇದು ನಮ್ಮ ಮಕ್ಕಳಿಗೆ ಪಾಠದಲ್ಲಿ ಬರುವುದಿಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಕರ್ನೂಲು 1839ರ ವರೆಗೂ ನವಾಬರ ಕೈಯಲ್ಲಿತ್ತು. ನಮ್ಮ ಆದವಾನಿ ಬಿಜಾಪುರದ ಕಾಲದಲ್ಲಿ ಸಿದ್ದಿ ಮಸೂದ್ ಖಾನನ ಕೈಯಲ್ಲಿದ್ದು, 1688ರಲ್ಲಿ ಮೊಗಲರಿಗೆ ಹೋಗಿ, ಮುಂದೆ ನಿಜಾಮರ ತಮ್ಮ ಬಸಾಲತ್ ಜಂಗನ ಜಾಗೀರಾಗಿ, 1786ರಲ್ಲಿ ಟಿಪ್ಪುವಿನ ದಾಳಿ ಕಂಡಿತು. 1800ರಲ್ಲಿ ನಿಜಾಮ ಇದನ್ನು ಕಂಪನಿಗೆ ಬಿಟ್ಟುಕೊಟ್ಟ. ಅದೇ ದತ್ತ ಮಂಡಲ. 1808ರಲ್ಲಿ ಅದನ್ನು ಬಳ್ಳಾರಿ, ಕಡಪ ಅಂತ ಎರಡು ಜಿಲ್ಲೆ ಮಾಡಿದರು. ಅಲ್ಲಿಂದ 145 ವರ್ಷ ನಾವು ಬಳ್ಳಾರಿ ಜಿಲ್ಲೆಯವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಏಳು ತಾಲೂಕು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಮೂರು ಆಂಧ್ರದಲ್ಲೇ ಉಳಿದವು. ಮೊದಲೆರಡು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ. ಊರು ಅಲ್ಲೇ ಇದೆ, ಜಿಲ್ಲೆ ಬದಲಾಯಿತು. ಹಳೆಯ ಪುಸ್ತಕಗಳು ಮಾತ್ರ ಬಳ್ಳಾರಿ ಕಪಾಟಿನಲ್ಲೇ ಉಳಿದವು.

ಬಳ್ಳಾರಿ ಅಂತ ಹುಡುಕಿದ ತಕ್ಷಣ ಸಿಕ್ಕಿತು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದ ಬಳ್ಳಾರಿ ಜಿಲ್ಲಾ ಗೆಜೆಟಿಯರ್. ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಕೊನೆಯ ಅಧ್ಯಾಯದಲ್ಲಿ ತಾಲೂಕುವಾರು ಊರುಗಳ ವಿವರವಿದೆ, ಅಕ್ಷರಮಾಲೆಯ ಪ್ರಕಾರ ನಮ್ಮ ಆದವಾನಿಯೇ ಮೊದಲು. ಮಂತ್ರಾಲಯ ಅಂತ ಹುಡುಕಬೇಡಿ, ಮಂಚಾಲೆ ಎಂಬ ಹಳೆ ಹೆಸರಲ್ಲಿ ನೋಡಿ.

ಅಲ್ಲಿ ಕಥೆ ಇದೆ! ಬೂಟು, ಟೋಪಿ, ಮಾತುಕತೆ, ಬೇರೆಯವರಿಗೆ ಕಾಣದಿದ್ದದ್ದು, ಮಂತ್ರಾಕ್ಷತೆಯ ಅಕ್ಕಿಯನ್ನು ಮನ್ರೋ ಅವತ್ತಿನ ಅಡುಗೆಗೆ ಹಾಕಿಸಿಕೊಂಡದ್ದು ಕೂಡ. ಆದರೆ ಫ್ರಾನ್ಸಿಸ್ ಇದನ್ನು ಆ ಊರಿನಲ್ಲಿ ಮನ್ರೋ ಬಗ್ಗೆ ಜನ ಹೇಳುವ ಒಂದು ವಿಚಿತ್ರ ಕಥೆ ಎಂದೇ ಶುರು ಮಾಡುತ್ತಾನೆ. ಮನ್ರೋ ಸ್ವತಃ ದೈವಾಂಶ ಉಳ್ಳವನು, ಅದಕ್ಕೇ ಅವನಿಗೆ ರಾಯರು ಕಂಡರು ಅಂತ ಜನ ಹೇಳುತ್ತಾರಂತೆ. ಮನ್ರೋ ಬರೆದ ಆದೇಶ, ಅವನ ಕೈಬರಹದ ವರದಿ ಯಾವುದೂ ಅಲ್ಲಿಲ್ಲ. ಭೂಮಿ ಕೊಟ್ಟದ್ದು ಸಿದ್ದಿ ಮಸೂದ್ ಖಾನನ ದಿವಾನ ವೆಂಕಣ್ಣ ಪಂತ ಅಂತ ಹೇಳುತ್ತಾರೆ ಎಂದೂ ಇದೆ. ಆರಾಧನೆಗೆ ಮುಂಬೈ, ಮೈಸೂರು, ನಿಜಾಮರ ಸೀಮೆಯಿಂದ ಲಿಂಗಾಯತರೂ ಸೇರಿ ಬಹಳ ಜನ ಬರುತ್ತಿದ್ದರೆಂಬ ಮಾತೂ ಇದೆ. ನನಗೆ ಇದೇ ಹೆಚ್ಚು ಇಷ್ಟವಾಯಿತು. ಸಂದೇಶ ಕಳಿಸುವವರು ಈ ಭಾಗವನ್ನೇಕೆ ಬಿಡುತ್ತಾರೋ!

ಇನ್ನೊಂದು ತಪ್ಪು. ಮನ್ರೋ ಇಲ್ಲಿ ಇದ್ದದ್ದು 1800ರಿಂದ 1807ರ ವರೆಗೆ, ದತ್ತ ಮಂಡಲಕ್ಕೆಲ್ಲ ಪ್ರಧಾನ ಕಲೆಕ್ಟರ್ ಆಗಿ. ಬಳ್ಳಾರಿ ಜಿಲ್ಲೆ ಹುಟ್ಟಿದ್ದು ಅವನು ಹೋದ ಮೇಲೆ. ಗವರ್ನರ್ ಆಗಿ ಮತ್ತೆ ಬಂದದ್ದು 1820ರಲ್ಲಿ. ಕೊನೆಗೆ ಈ ಸೀಮೆ ನೋಡಿಕೊಂಡು ಹೋಗಲು ಬಂದವನು 1827ರ ಜುಲೈ 6ರಂದು ನಮ್ಮ ಪತ್ತಿಕೊಂಡದಲ್ಲೇ ಕಾಲರಾ ಬಂದು ತೀರಿಹೋದ. ಗುತ್ತಿಯಲ್ಲಿ ಹೂಳಿದರು, ಆಮೇಲೆ ಮದ್ರಾಸಿಗೆ ಒಯ್ದರು.

ಆ ಸಾವಿನ ಬಗ್ಗೆಯೂ ಒಂದು ಕಥೆ ಇದೆ. ಕಡಪ ಜಿಲ್ಲೆಯ ಗಂಡಿ ಕ್ಷೇತ್ರದಲ್ಲಿ ಎರಡು ಬೆಟ್ಟಗಳ ನಡುವೆ ಬಂಗಾರದ ತೋರಣ ಅವನೊಬ್ಬನಿಗೇ ಕಂಡಿತಂತೆ, ಅದು ಕಂಡವರು ಹೆಚ್ಚು ದಿನ ಬದುಕುವುದಿಲ್ಲವಂತೆ. ನೋಡಿ, ಅಲ್ಲೂ ಬೇರೆ ಯಾರಿಗೂ ಕಾಣದ್ದು ಮನ್ರೋಗೆ ಕಾಣುತ್ತದೆ. ಕುದುರೆ ಮೇಲೆ, ಡೇರೆಯಲ್ಲಿ ಊರೂರು ಸುತ್ತಿ, ರೈತರನ್ನೇ ಕೂರಿಸಿಕೊಂಡು ಕಂದಾಯ ಗೊತ್ತುಮಾಡಿದ ಆ ದೊರೆಯನ್ನು ಜನ ತಮ್ಮವನನ್ನಾಗಿ ಮಾಡಿಕೊಂಡ ರೀತಿ ಇದು. ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟ ಸೀಮೆ ನಮ್ಮದು.

ಮರುದಿನ ತರಗತಿಯಲ್ಲಿ ಪುಸ್ತಕದ ಆ ಭಾಗವನ್ನು ಮೊಬೈಲಿನಲ್ಲೇ ತೋರಿಸಿ ಕನ್ನಡದಲ್ಲಿ ಹೇಳಿದೆ. "ಅಂದ್ರೆ ಸುಳ್ಳಾ ಸಾರ್?" ಅಂದ ಅದೇ ಹುಡುಗ. ಓದಿದ ಹುಡುಗಿಯ ಮುಖ ಸಣ್ಣದಾಗಿತ್ತು. ಅವರ ಮನೆಯಲ್ಲಿ ರಾಯರೇ ದೇವರು. ನಾನೂ ವರ್ಷಕ್ಕೆರಡು ಸಲ ಮಂತ್ರಾಲಯಕ್ಕೆ ಹೋಗುವವನೇ. ಹೇಳಿದೆ: 1904ಕ್ಕಿಂತ ಮುಂಚೆಯೇ ನಮ್ಮ ಜನ ಈ ಕಥೆ ಹೇಳುತ್ತಿದ್ದರು ಎಂಬುದಕ್ಕೆ ಈ ಪುಟ ಸಾಕ್ಷಿ. ಸರ್ಕಾರ ಹಾಗೆ ಬರೆಯಿತು ಎಂಬುದಕ್ಕೆ ಸಾಕ್ಷಿ ಅಲ್ಲ. ರಾಯರ ಮೇಲಿನ ನಂಬಿಕೆಗೆ ಮನ್ರೋನ ಸಹಿ ಬೇಕಾ? ಹುಡುಗಿ "ಬ್ಯಾಡ ಸಾರ್" ಅಂದಳು. ಸಹೋದ್ಯೋಗಿಯೊಬ್ಬರು ಮಾತ್ರ "ಮೇಷ್ಟ್ರೇ, ಇಂಥದಕ್ಕೆಲ್ಲ ಯಾಕೆ ಕೈ ಹಾಕ್ತೀರಿ" ಅಂದರು. ಗುಂಪಿಗೂ ತಿದ್ದುಪಡಿ ಕಳಿಸಿದೆ. ಒಬ್ಬರು ಕೈ ಮುಗಿದ ಚಿತ್ರ ಹಾಕಿದರು. ಎರಡು ದಿನಕ್ಕೆ ಹಳೆಯ ಸಂದೇಶವೇ ಮತ್ತೆ ಬಂತು, ಗೆಜೆಟ್ಟು ಪುಟ ಸಮೇತ...

ಇರಲಿ. ಬಳ್ಳಾರಿ ಕಪಾಟು ತೆರೆದದ್ದರಿಂದ ಇನ್ನೊಂದು ಸಿಕ್ಕಿತು. ಅದಕ್ಕೇ ಇಷ್ಟೆಲ್ಲ ಬರೆದೆ. ದಕ್ಷಿಣ ಭಾರತದ ಶಾಸನಗಳ ಮಾಲಿಕೆಯ 9ನೇ ಸಂಪುಟದ ಮೊದಲ ಭಾಗ, ಅಚ್ಚಾದದ್ದು 1939. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು ಅದರ ವಿಷಯ. ಸಂಪಾದಕರು ಆರ್. ಶಾಮಶಾಸ್ತ್ರಿ (ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರು ಇವರೇ) ಮತ್ತು ಎನ್. ಲಕ್ಷ್ಮೀನಾರಾಯಣರಾವ್. ಇದೂ ಅಂತರ್ಜಾಲದಲ್ಲಿದೆ. ಮೇಲಿನ ಟಿಪ್ಪಣಿ ಇಂಗ್ಲಿಷು, ಒಳಗಿನ ಶಾಸನ ಪಾಠ ಮಾತ್ರ ಕನ್ನಡ ಅಕ್ಷರದಲ್ಲೇ ಅಚ್ಚಾಗಿದೆ. ಆದವಾನಿ ತಾಲೂಕಿನ ಪೆದ್ದತುಂಬಳದಲ್ಲಿ ಚಾಲುಕ್ಯರ ಕಾಲದಲ್ಲಿ ಕೆತ್ತಿದ ಕನ್ನಡ ಹಳಗನ್ನಡ, ಅರ್ಥ ನನಗೂ ಪೂರ್ತಿ ಆಗುವುದಿಲ್ಲ. ಆದರೆ ಏಳನೇ ತರಗತಿಯ ಮಗು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಬಲ್ಲದು.

ನಮ್ಮ ಮಕ್ಕಳನ್ನು ಪೇಟೆಯಲ್ಲಿ "ನೀವು ಕರ್ನಾಟಕದಿಂದ ಬಂದವರಾ?" ಅಂತ ಕೇಳುತ್ತಾರೆ. ಮಕ್ಕಳು ತಲೆ ತಗ್ಗಿಸಿ ಹೌದು ಅಂದುಬಿಡುತ್ತವೆ, ತಾತ ಮುತ್ತಾತ ಇಲ್ಲೇ ಹುಟ್ಟಿದ್ದರೂ. ತುಂಬಳದ ಕಲ್ಲು ಎಲ್ಲಿಂದಲೂ ಬಂದದ್ದಲ್ಲ ಅಂತ ಅವಕ್ಕೆ ಯಾರು ಹೇಳಬೇಕು?

ಕೌತಾಳ, ಕೋಸಗಿ, ಹಾಲಹರವಿ, ಹೊಳಗುಂದಿ, ಚಿಪ್ಪಗಿರಿ ಕಡೆಯ ಮೇಷ್ಟ್ರುಗಳೇ, ನಿಮ್ಮೂರನ್ನು ಕರ್ನೂಲಿನಲ್ಲಿ ಹುಡುಕಬೇಡಿ, ಬಳ್ಳಾರಿಯಲ್ಲಿ ಹುಡುಕಿ. ಇಂಗ್ಲಿಷಿನಲ್ಲಿ ಕನ್ನಡ ಅಂತ ಹಾಕಿದರೆ ಸಿಗದಿದ್ದರೆ ಆ ಕಾಲದವರ ಹಾಗೆ ಕೆನರೀಸ್ ಅಂತ ಹಾಕಿ. ಊರ ಹೆಸರಿನ ಕಾಗುಣಿತ ನಾಲ್ಕು ಥರ ಬದಲಿಸಿ ನೋಡಿ. ಪುಟ ಸಿಕ್ಕರೆ ಪುಟದ ಸಂಖ್ಯೆ ಸಮೇತ ಕಳಿಸಿ. ಬರುವ ದಸರಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತುಂಬಳಕ್ಕೆ ಹೋಗಬೇಕೆಂದಿದ್ದೇನೆ, ಆ ಹುಡುಗನೂ ಬರುತ್ತಾನೆ.