ಮೇಕೆ ಬೆದೆಗೆ ಬಂದಿದೆಯೇ? ಗುರುತಿಸುವುದು ಹೇಗೆ, ಹೋತ ಬಿಡುವುದು ಯಾವಾಗ? ಇಲ್ಲಿದೆ ಮಾಹಿತಿ

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಇಗತಪುರಿ, ಸಹ್ಯಾದ್ರಿಯ ಮಡಿಲಲ್ಲಿರುವ ಭಾರಿ ಮಳೆಯ ತಾಲ್ಲೂಕು. ಇಂಥ ಕಡೆ ಮಳೆಗಾಲದಲ್ಲಿ ಹುಟ್ಟುವ ಮೇಕೆ ಮರಿಗಳು ಚಳಿ ಮತ್ತು ತೇವದಿಂದ ನ್ಯುಮೋನಿಯಾ, ಭೇದಿಗೆ ಬೇಗ ತುತ್ತಾಗುತ್ತವೆ. ಮರಿ ಯಾವಾಗ ಹುಟ್ಟಬೇಕು ಎಂಬುದನ್ನು ಐದು ತಿಂಗಳ ಮೊದಲೇ, ಅಂದರೆ ಮೇಕೆ ಬೆದೆಗೆ ಬಂದಾಗಲೇ ನಿರ್ಧರಿಸಬೇಕು.

ಸ್ಥಳೀಯ ತಳಿಗಳು

ನಾಸಿಕ್, ಪುಣೆ, ಅಹಲ್ಯಾನಗರ ಜಿಲ್ಲೆಗಳಲ್ಲಿ ಸಂಗಮನೇರಿ ತಳಿ ಹೆಚ್ಚು. ಮರಾಠವಾಡದಲ್ಲಿ ಕಪ್ಪು ಬಣ್ಣದ ಉಸ್ಮಾನಾಬಾದಿ ಹೆಸರುವಾಸಿ. ಗಡಿಯ ಈಚೆಗಿನ ಬೀದರ್, ಕಲಬುರಗಿ ರೈತರಿಗೂ ಇದು ಪರಿಚಿತ. ಚಳಿ ದೇಶಗಳ ಮೇಕೆಗಳು ಮುಖ್ಯವಾಗಿ ಹಗಲು ಕಡಿಮೆಯಾಗುವ ಕಾಲದಲ್ಲಿ ಬೆದೆಗೆ ಬರುತ್ತವೆ. ನಮ್ಮ ತಳಿಗಳು ವರ್ಷದ ಯಾವುದೇ ತಿಂಗಳಲ್ಲಿ ಬೆದೆಗೆ ಬರಬಲ್ಲವು.

ಬೆದೆಯ ಲಕ್ಷಣಗಳು

ಗಬ್ಬವಾಗದ ಮೇಕೆ ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ 24ರಿಂದ 48 ಗಂಟೆ ಇರುತ್ತದೆ. ಆಗ ಕಾಣುವ ಲಕ್ಷಣಗಳು ಹೀಗಿವೆ:

* ಪದೇ ಪದೇ ಬಾಲ ಅಲ್ಲಾಡಿಸುವುದು, ಬಿಡದೆ ಕೂಗುವುದು
* ಮೇವು ಕಡಿಮೆ ತಿನ್ನುವುದು, ಹಾಲು ಇಳಿಯುವುದು
* ಯೋನಿಯ ಭಾಗ ಊದಿ ಕೆಂಪಾಗುವುದು, ಲೋಳೆ ಸುರಿಯುವುದು
* ಮೇಲಿಂದ ಮೇಲೆ ಮೂತ್ರ ಮಾಡುವುದು
* ಬೇರೆ ಮೇಕೆಗಳ ಮೇಲೆ ಹತ್ತುವುದು, ಹೋತದ ಬಳಿ ಸುಳಿಯುವುದು

ಎಲ್ಲ ಮೇಕೆಗಳಲ್ಲೂ ಎಲ್ಲ ಲಕ್ಷಣ ಕಾಣಿಸುವುದಿಲ್ಲ. ಹೋತ ಹತ್ತಿದಾಗ ಓಡದೆ ನಿಂತರೆ ಬೆದೆ ಖಚಿತ.

ಹೋತ ಬಿಡುವ ಸಮಯ

ಅಂಡ ಬಿಡುಗಡೆಯಾಗುವುದು ಬೆದೆಯ ಕೊನೆಯ ಹೊತ್ತಿಗೆ. ಹೀಗಾಗಿ ಬೆಳಿಗ್ಗೆ ಬೆದೆ ಕಂಡರೆ ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಹೋತ ಬಿಡುವುದು ಒಳ್ಳೆಯದು. 21 ದಿನಗಳ ನಂತರ ಮತ್ತೆ ಬೆದೆಗೆ ಬರದಿದ್ದರೆ ಗಬ್ಬ ಕಟ್ಟಿರುವ ಸಾಧ್ಯತೆ ಹೆಚ್ಚು. ಗರ್ಭಾವಧಿ ಸುಮಾರು 150 ದಿನ.

ತಿಂಗಳ ಲೆಕ್ಕ

ಜನವರಿಯಿಂದ ಏಪ್ರಿಲ್‌ವರೆಗೆ ಗಬ್ಬವಾದ ಮೇಕೆ ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಅಂದರೆ ಮಳೆಯಲ್ಲೇ ಮರಿ ಹಾಕುತ್ತದೆ. ಜೂನ್‌ನಲ್ಲಿ ಹೋತ ಬಿಟ್ಟರೆ ನವೆಂಬರ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ ಬಿಟ್ಟರೆ ಫೆಬ್ರವರಿಯಲ್ಲಿ ಮರಿಗಳು ಹುಟ್ಟುತ್ತವೆ. ಆದರೆ ಹೋತ ಸದಾ ಮಂದೆಯಲ್ಲೇ ಇದ್ದರೆ ಈ ಲೆಕ್ಕ ನಡೆಯದು, ಅದನ್ನು ಬೇರೆ ಕಟ್ಟಬೇಕು. ಕೆಲವು ವಾರ ದೂರವಿದ್ದ ಹೋತವನ್ನು ಹತ್ತಿರ ತಂದರೆ ಹಲವು ಮೇಕೆಗಳು ಒಟ್ಟಿಗೆ ಬೆದೆಗೆ ಬರುವುದೂ ಉಂಟು.

ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು, ದುಡಿಮೆ ವ್ಯರ್ಥ. ಸೆಪ್ಟೆಂಬರ್‌ನಿಂದ ಸಾಲಾಗಿ ಬೆದೆ ತಪ್ಪುತ್ತಾ ಹೋದರೆ ಮರಿ ಹಾಕುವ ದಿನ ಮತ್ತೆ ಮಳೆಗಾಲಕ್ಕೇ ಬಂದು ನಿಲ್ಲುತ್ತದೆ. ಬೆಳಿಗ್ಗೆ, ಸಂಜೆ ಮಂದೆಯನ್ನು ಗಮನಿಸಿ ಬೆದೆಯ ದಿನಾಂಕ ಬರೆದಿಟ್ಟುಕೊಂಡರೆ ಈ ನಷ್ಟ ತಪ್ಪಿಸಬಹುದು. ಮೇಕೆ ಪದೇ ಪದೇ ಬೆದೆಗೆ ಬಂದೂ ಗಬ್ಬ ಕಟ್ಟದಿದ್ದರೆ ಪಶುವೈದ್ಯರಿಗೆ ತೋರಿಸಬೇಕು.